ಎಡಕ್ಕೆ ಬಿದ್ದ ಹೂವು

“ಒಂದು ಸುದ್ದಿ ಗೊತ್ತಾತೇನೇ?” ಎನ್ನುತ್ತ ನಿರ್ಮಲಮ್ಮ ನಡುಮನೆಗೆ ಕಾಲಿಟ್ಟಳೆಂದರೆ ಯಾರದೋ ಮನೆಯ ಮಾನ ಅರ್ಧ ಬೀದಿಯಲ್ಲೇ ಹೋಗಿರುತ್ತಿತ್ತು. ಉಳಿದರ್ಧವನ್ನು ಅವಳು ಮಗಳ ಮಂಚದ ಅಂಚಿಗೆ ಕೂತು ತೆಗೆಯುತ್ತಿದ್ದಳು.

ಅವತ್ತು ಸಿಕ್ಕಿಬಿದ್ದವಳು ಹಿಂದಿನ ಬೀದಿಯ ಅಕ್ಷಿತಾ. ಮದುವೆಯಾಗಿ ಏಳೇ ತಿಂಗಳಿಗೆ ತವರಿಗೆ ಬಂದಿದ್ದಳು.

“ಗಂಡನ ಜೊತೆ ಏನೂ ಇಲ್ವಂತೆ, ಸುಮ್ನೆ ನಾಲ್ಕು ದಿನ ಇದ್ದು ಹೋಗಾಕೆ ಬಂದಾಳಂತೆ. ಅವರಮ್ಮ ಹೇಳ್ತಾಳೆ, ನಾನು ಕೇಳ್ಬೇಕು! ಬ್ಯಾಗ್ ತಂದಿದ್ರೆ ನಾನೂ ನಂಬ್ತಿದ್ದೆ ಕಣೇ. ಗ್ರೈಂಡರ್ ತಂದಾಳೆ! ಗ್ರೈಂಡರ್ ಹೊತ್ಕಂಡು ಯಾರಾದ್ರೂ ನಾಲ್ಕು ದಿನಕ್ಕೆ ಬರ್ತಾರಾ?”

ಕಲ್ಪನಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕ ಕೂಡಲೇ ಎಡ ಪಕ್ಕೆಯೊಳಗೆ ಯಾರೋ ದಾರ ಹಿಡಿದು ಎಳೆದಂತಾಗಿ ದಿಂಬನ್ನು ಒತ್ತಿ ಹಿಡಿದಳು. ಹೊಲಿಗೆ ಬಿಚ್ಚಿ ಮೂರು ವಾರವಾದರೂ ನಗುವಿಗೆ, ಕೆಮ್ಮಿಗೆ, ಸೀನಿಗೆ ಅದು ಹಾಗೇ ಎಳೆಯುತ್ತಿತ್ತು. “ನಗಸಬೇಡಮ್ಮಾ” ಎಂದಳು. ಇನ್ನೊಂದಿಷ್ಟು ಹೇಳಲಿ ಎಂದೂ ಅವಳಿಗೆ ಅನ್ನಿಸುತ್ತಿತ್ತು. ಹತ್ತು ಅಡಿ ಉದ್ದದ ಕೋಣೆಯಲ್ಲಿ ಐದು ವಾರ ಬಿದ್ದುಕೊಂಡವಳಿಗೆ ಅಮ್ಮನ ಬಾಯಿಯೇ ಬೀದಿ.

ಅಷ್ಟರಲ್ಲಿ ಹೊರಗೆ ಗೇಟಿನ ಚಿಲಕ ಸದ್ದಾಯಿತು.

“ಏಳೇ, ಏಳೇ, ಯಾರೋ ಬಂದ್ರು.”

ಕಲ್ಪನಾ ಎರಡೂ ಕೈ ಊರಿ ಮಗ್ಗುಲಾಗಿ ಎದ್ದಳು. ಅವಳು ಪಾದಕ್ಕೆ ಚಪ್ಪಲಿ ಹುಡುಕುವ ಹೊತ್ತಿಗೆ ನಿರ್ಮಲಮ್ಮ ಮಂಚ ಹತ್ತಿ, ಮಗಳ ಮೈಯ ಬಿಸಿ ಆರದ ಜಾಗದಲ್ಲಿ ಮಲಗಿ, ಅದೇ ಕಂಬಳಿಯನ್ನು ಎದೆಮಟ್ಟ ಎಳೆದುಕೊಂಡಿದ್ದಳು. ಮುಖವನ್ನು ಸ್ವಲ್ಪ ಬಾಡಿಸಿ ಬಲ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡಳು.

“ಎಡಗಡೆ, ಅಮ್ಮ.”

“ಹೋದ ವಾರ ಬಲಗಡೆ ಹಿಡ್ಕಂಡಿದ್ನಲ್ಲೇ?”

“ಹೋದ ವಾರಾನೂ ತಪ್ಪೇ.”

ಬಂದವರು ಅಡಿಕೆ ಮಂಡಿ ಬೈಲಪ್ಪನ ಹೆಂಡತಿ ಮತ್ತು ಆಕೆಯ ನಾದಿನಿ. ಮೂಸಂಬಿಯ ಚೀಲ ಕಲ್ಪನಾಳ ಕೈಗೆ ಕೊಟ್ಟು ಇಬ್ಬರೂ ಮಂಚದ ಕಾಲ ಬಳಿ ನಿಂತು ಕೈ ಮುಗಿದರು. “ಶುಗರ್ ಇದ್ರೂ ಮಗನಿಗೆ ಕಿಡ್ನಿ ಕೊಟ್ರಂತಲ್ಲ ನಿರ್ಮಲಕ್ಕ. ತಾಯಿ ಅಂದ್ರೆ ನೀವು ಕಣ್ರೀ.” ನಿರ್ಮಲಮ್ಮ ಕಣ್ಣು ಮುಚ್ಚಿ, “ನಂದೇನೈತ್ರೀ, ಎಲ್ಲ ಶಿವನ ಇಚ್ಛೆ” ಎಂದಳು. ನಾದಿನಿ ಕಲ್ಪನಾಳ ಕಡೆ ತಿರುಗಿದಳು. “ನೀನೇನವ್ವ, ಸಣ್ಣ ಪಿತ್ತದ ಕಲ್ಲಿಗೆ ಹಿಂಗೆ ಇಳಿದು ಹೋಗೀಯ? ಅಮ್ಮನ್ನ ನೋಡಿ ಧೈರ್ಯ ಕಲಿ.”

ಕಲ್ಪನಾ ಟೀ ಇಡಲು ಒಳಗೆ ಹೋದಳು. ಹಾಲಿನ ಪಾತ್ರೆ ಮೇಲಿನ ಹಲಗೆಯಲ್ಲಿತ್ತು. ಕೈ ಎತ್ತಬಾರದೆಂದು ವೈದ್ಯರು ಹೇಳಿದ್ದರಿಂದ ಸ್ಟೂಲಿನ ಮೇಲೆ ನಿಂತು ಇಳಿಸಿದಳು.

ಕಿಡ್ನಿ ಕೊಟ್ಟಿದ್ದು ಅವಳು.

ಅಣ್ಣ ಗುರುಬಸವರಾಜನ ಎರಡೂ ಕಿಡ್ನಿ ಹೋದಾಗ ಅಮ್ಮನದು ಶುಗರಿನಿಂದ ಆಗಲಿಲ್ಲ, ಅತ್ತಿಗೆಯ ರಕ್ತ ಹೊಂದಲಿಲ್ಲ, ತಂದೆ ತೀರಿಕೊಂಡು ಎಂಟು ವರ್ಷವಾಗಿತ್ತು. ಉಳಿದವಳು ಕಲ್ಪನಾ. ಅವಳದು ಹೊಂದಿತು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅಣ್ಣ ತಂಗಿಯರನ್ನು ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿಸಿ ಕೆಲಸ ಮುಗಿಸಿದರು. ಚನ್ನಗಿರಿಗೆ ಬಂದ ಮೇಲೆ ಅಣ್ಣ ಮಹಡಿಯ ಕೋಣೆ ಸೇರಿದ. ಸೋಂಕು ತಗಲಬಾರದೆಂದು ಆರು ತಿಂಗಳು ಅವನನ್ನು ಹೊರಗಿನವರು ಯಾರೂ ನೋಡುವಂತಿಲ್ಲ. ಅವನ ಹೆಂಡತಿ ಮಾತ್ರ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆ ಲೋಟ ಹಿಡಿದು ಹತ್ತಿ ಇಳಿಯುತ್ತಿದ್ದಳು. ನೋಡಲು ಬಂದವರಿಗೆ ಯಾರನ್ನಾದರೂ ತೋರಿಸಬೇಕಲ್ಲ.

“ನಿನ್ನ ಸಲುವಾಗೇ ಕಣೇ,” ಎಂದಿದ್ದಳು ಅಮ್ಮ, ಆಸ್ಪತ್ರೆಯಿಂದ ಕಾರಿನಲ್ಲಿ ಬರುವಾಗಲೇ. “ಒಂದೇ ಕಿಡ್ನಿ ಹುಡುಗಿ ಅಂತ ಊರಿಗೆ ಗೊತ್ತಾದ್ರೆ ಯಾರು ತಗಂತಾರೆ? ಕೊಟ್ಟಿದ್ದು ನಾನು, ನಿಂದು ಪಿತ್ತದ ಕಲ್ಲು ಅಂದ್ರಾತು. ನನ್ನನ್ನ ಇನ್ಯಾರು ಮದುವೆ ಆಗ್ಬೇಕು?” ಅದರಲ್ಲಿ ನ್ಯಾಯವಿದೆ ಎಂದೇ ಕಲ್ಪನಾಳಿಗೂ ಕಂಡಿತ್ತು. ಆದರೆ ಹದಿನೈದು ದಿನಕ್ಕೆ ಊರಿನ ಮಹಿಳಾ ಸಂಘ ಅಕ್ಕನ ಬಳಗದವರು ಮನೆಗೇ ಬಂದು ಅಮ್ಮನಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ಹಿಡಿದರು. ಫೋಟೋಕ್ಕೆ ಕಟ್ಟು ಹಾಕಿಸಿ ಅಮ್ಮ ಟಿವಿಯ ಮೇಲೆ ತೂಗುಹಾಕಿದಳು. ಆ ಫೋಟೋದ ಮೂಲೆಯಲ್ಲಿ ಟೀ ತಟ್ಟೆ ಹಿಡಿದ ಕಲ್ಪನಾಳ ಒಂದು ಮೊಣಕೈ ಬಂದಿತ್ತು.

ಅದನ್ನೂ ಅವಳು ನುಂಗಿಕೊಂಡಿದ್ದಳು. ಕಾರಣ ಸತೀಶ್ ಕುಮಾರ್.

ಅವನು ನ್ಯಾಮತಿಯವನು. ಜಗಳೂರಿನ ಪಶು ಆಸ್ಪತ್ರೆಯಲ್ಲಿ ಕೆಲಸ. ಹಳ್ಳಿ ಹಳ್ಳಿ ತಿರುಗಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದ. ಕಲ್ಪನಾ ಅಲ್ಲೇ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಶನಿವಾರದ ದಾವಣಗೆರೆ ಬಸ್ಸಿನಲ್ಲಿ ಅವಳಿಗೊಂದು ಸೀಟು ಇರಲೆಂದು ಅವನು ಟವೆಲು ಹಾಕಿಡುತ್ತಿದ್ದ. ಅವಳು ಬಂದು ಕೂತರೆ ಟವೆಲು ತೆಗೆದುಕೊಂಡು ಹಿಂದಕ್ಕೆ ಹೋಗಿ ನಿಲ್ಲುತ್ತಿದ್ದ. ಇಡೀ ವರ್ಷದಲ್ಲಿ ಇಬ್ಬರೂ ಆಡಿದ ಮಾತು ಒಂದು ಪುಟ ತುಂಬುವಷ್ಟೂ ಇರಲಿಲ್ಲ. ಆಮೇಲೆ ಅವನ ತಾಯಿ ಹಾಲಮ್ಮನೇ ಹೆಣ್ಣು ಕೇಳಿಕೊಂಡು ಬಂದಳು. ಜಾತಿ, ಬೆಡಗು, ಮನೆತನ ಎಲ್ಲ ಹೊಂದಿ, ಒಂದೇ ಒಂದು ಬಾಕಿ ಉಳಿಯಿತು. ಗುಡಿಯ ಅಮ್ಮನಲ್ಲಿ ಹೂ ಕೇಳುವುದು.

ನಲ್ಲೂರು ದಾಟಿದ ಮೇಲೆ ಸಿಗುವ ಅಮ್ಮನ ಗುಡಿಯಲ್ಲಿ ಹೂ ಕೇಳದೆ ನಿರ್ಮಲಮ್ಮನ ತವರಿನವರು ಯಾವ ಮದುವೆಗೂ ಕೈ ಹಾಕಿದವರಲ್ಲ. ಪೂಜಾರಿ ಚಿಕ್ಕಹನುಮಂತಪ್ಪ ಕಲ್ಲಿನ ಅಮ್ಮನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಗಂಡು ಹೆಣ್ಣಿನ ಹೆಸರು ಹೇಳಿ, ಗಂಟೆ ಬಾರಿಸುತ್ತ ನಿಲ್ಲುತ್ತಾನೆ. ಬಲಭುಜದ ಹೂ ಮೊದಲು ಬಿದ್ದರೆ ಅಮ್ಮ ಕೊಟ್ಟಳು. ಎಡಭುಜದ್ದು ಬಿದ್ದರೆ ಮಾತು ಅಲ್ಲಿಗೇ ನಿಲ್ಲಬೇಕು. ಹಾಲಮ್ಮನಿಗೂ ಆ ಅಮ್ಮನೆಂದರೆ ಜೀವ, ಅದಕ್ಕಿಂತ ಹೆಚ್ಚು ಭಯ. “ಅಮ್ಮ ಕೊಟ್ಟ ಹೂವನ್ನ ಮುಚ್ಚಿಟ್ಟು ನಮ್ಮ ದೊಡ್ಡಪ್ಪನ ಮನೇಲಿ ಬೇರೆ ಹುಡುಗೀನ ತಂದ್ರು ನೋಡ್ರಿ, ಮೂರು ವರ್ಷಕ್ಕೆ ಮನೆಗೆ ಬೀಗ ಬಿತ್ತು” ಎಂದು ಹೆಣ್ಣು ನೋಡಲು ಬಂದ ದಿನವೇ ಹೇಳಿದ್ದಳು.

ಹೂ ಕೇಳಿಸಲು ನಿರ್ಮಲಮ್ಮ ಒಬ್ಬಳೇ ಹೋಗಿದ್ದಳು, ಅಣ್ಣನಿಗೆ ಕಲ್ಪನಾಳ ಕಿಡ್ನಿ ಹೊಂದುತ್ತದೆಂದು ಗೊತ್ತಾದ ಹೊಸತರಲ್ಲಿ. ಬಂದು ಚಪ್ಪಲಿ ಬಿಡುತ್ತ, “ಎಡಕ್ಕೆ ಬಿತ್ತು ಕಣೇ” ಎಂದಿದ್ದಳು. ಕಲ್ಪನಾ ಅವತ್ತು ಜಗಳೂರಿನಿಂದ ಬಂದವಳು ಬ್ಯಾಗನ್ನು ಹೆಗಲಿನಿಂದ ಇಳಿಸಿಯೂ ಇರಲಿಲ್ಲ. “ಬೇಜಾರಾಗ್ಬೇಡ. ಈಗ ಹೊತ್ತು ಸರಿಯಿಲ್ಲ ಅಂತ ಅರ್ಥ ಅಷ್ಟೆ. ಮೊದಲು ಅಣ್ಣಂದು ಒಂದು ಮುಗೀಲಿ. ನಿನ್ನ ಹೊಲಿಗೆ ಮಾಗಿದ ಮೇಲೆ ನಾನೇ ಇನ್ನೊಂದು ಸಲ ಹೂ ಕೇಳಿಸ್ತೀನಿ. ಅಮ್ಮ ಕೊಟ್ಟೇ ಕೊಡ್ತಾಳೆ.”

ಎರಡು ದಿನದ ಮೇಲೆ ಸತೀಶ್ ಕುಮಾರನ ಮೆಸೇಜು ಬಂತು. ‘ಹೂ ಆಗಲಿಲ್ಲ ಅಂದ್ರು. ಮತ್ತೆ ಕೇಳ್ತಾರಾ?’

ಕಲ್ಪನಾ ಅರ್ಧ ಗಂಟೆ ಬರೆದು ಅಳಿಸಿ ಕೊನೆಗೆ ಕಳಿಸಿದ್ದು ಒಂದೇ ಪದ. ‘ಕೇಳ್ತಾರೆ.’

‘ಸರಿ’ ಎಂದು ಅವನದು.

ಆ ಎರಡು ಪದ ಹಿಡಿದುಕೊಂಡೇ ಅವಳು ಆಪರೇಷನ್ ಥಿಯೇಟರಿನೊಳಕ್ಕೆ ಹೋಗಿದ್ದಳು. ಈಗಲೂ ಅಮ್ಮ ಸುದ್ದಿಯ ಗಂಟು ಬಿಚ್ಚಿದಾಗಲೆಲ್ಲ ಅದರೊಳಗೆ ಅವಳು ಹುಡುಕುತ್ತಿದ್ದುದು ನ್ಯಾಮತಿಯನ್ನು. ಅಮ್ಮ ಹೊನ್ನಾಳಿಯ ಮಾತೆತ್ತಿದರೆ ಇನ್ನೇನು ಹತ್ತಿರ ಬಂದಳು ಎಂದು ಉಸಿರು ಬಿಗಿಹಿಡಿಯುವಳು. ಅಮ್ಮ ಹೊನ್ನಾಳಿಯಿಂದ ಸಾಸ್ವೆಹಳ್ಳಿಗೆ ತಿರುಗಿ, ಅಲ್ಲಿದ್ದ ತನ್ನ ತಮ್ಮ ಬೆನಕಪ್ಪನ ಹೊಸ ಸ್ನಾನದ ಮನೆ, ಅವನ ಹೆಂಡತಿಯ ಮಂಡಿನೋವು, ಅವನ ಮಗಳು ಹೇಮಾವತಿಯ ಹೊಸ ಡ್ರೆಸ್ಸು ಎಲ್ಲ ಮುಗಿಸಿ ಏಳುವಳು. ನ್ಯಾಮತಿ ಕಡೆಯ ಸೇತುವೆ ದಾಟುತ್ತಲೇ ಇರಲಿಲ್ಲ.

“ಅಮ್ಮ, ನಲ್ಲೂರಿಗೆ ಯಾವಾಗ ಹೋಗ್ತೀಯಾ?” ಎಂದು ಕೊನೆಗೆ ನಾಚಿಕೆ ಬಿಟ್ಟು ಕೇಳಿದಳು.

“ಮಂಗಳವಾರ ಹೋಗ್ತೀನಿ” ಎಂದಳು ಅಮ್ಮ. ಅಷ್ಟು ಬೇಗ ಒಪ್ಪಿಕೊಂಡಾಳೆಂದು ಕಲ್ಪನಾ ಎಣಿಸಿರಲಿಲ್ಲ.

ಮಂಗಳವಾರ ಅಮ್ಮ ಹೊರಟ ಮೇಲೆ ಕಲ್ಪನಾ ಯಾರ ಸಹಾಯವೂ ಇಲ್ಲದೆ ತಲೆಗೆ ಸ್ನಾನ ಮಾಡಿದಳು. ನೈಟಿ ತೆಗೆದು ಸೀರೆ ಉಟ್ಟಳು. ಸೀರೆಯ ಬಿಗಿಗೆ ಗಾಯ ಚುರುಗುಟ್ಟಿತಾದರೂ ಬಿಚ್ಚಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಎರಡಕ್ಕೆ ಗೇಟಿನ ಚಿಲಕ. ಅಮ್ಮನ ಹಣೆಯ ಮೇಲೆ ಅಂಗೈಯಗಲ ಭಂಡಾರ.

“ಒಂದು ಸುದ್ದಿ ಗೊತ್ತಾತೇನೇ? ಚಿಕ್ಕಹನುಮಂತಪ್ಪ ಹಲ್ಲು ಕಟ್ಟಿಸ್ಕಂಡಾನೆ! ಮಂತ್ರ ಹೇಳ್ತಾ ಹೇಳ್ತಾ ಸೆಟ್ಟು ಜಾರಿ ಆರತಿ ತಟ್ಟೆಗೇ ಬೀಳೋದ್ರಲ್ಲಿತ್ತು. ಕೈಲಿ ಹಿಡಿದು ಒಳಗಿಟ್ಕಂಡು ಮುಂದಿನ ಮಂತ್ರ ಶುರು ಮಾಡ್ದ ನೋಡು. ಅಮ್ಮನೇ ನಕ್ಕಿರ್ಬೇಕು.”

“ಹೂವಮ್ಮಾ?”

“ಅಯ್ಯೋ, ಅದೇನು ಕೇಳ್ತೀಯ. ಹೆಸರು ಹೇಳಿದ್ದೇ ತಡ, ಹೋದ ಸಲದಂಗೇ ಪಟ್ ಅಂತ ಬಲಗಡೆಗೆ ಬಿತ್ತು. ಬೆನಕಪ್ಪನ ಕಣ್ಣಲ್ಲಿ ನೀರೇ ಬಂದ್ವು.”

ಬಲಗಡೆ. ಕಲ್ಪನಾಳಿಗೆ ಕೇಳಿಸಿದ್ದು ಅದೊಂದೇ. ಮುಖವೆಲ್ಲ ಬಿಸಿಯಾಯಿತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಫೋನು ದಿಂಬಿನ ಕೆಳಗಿದೆ, ಅಮ್ಮ ಅಡುಗೆಮನೆಗೆ ಹೋದ ಕೂಡಲೇ ‘ಕೇಳಿದ್ರು’ ಎಂದು ಬರೆಯಬೇಕು ಎಂದುಕೊಂಡಳು. ಆಮೇಲೆ ನೆನಪಾಗಿ, “ಬೆನಕಪ್ಪ ಮಾಮ ಯಾಕೆ ಬಂದಿದ್ರು ಅಲ್ಲಿಗೆ?” ಎಂದಳು.

“ಅವನ ಮಗಳಿಗೆ ಹೂ ಕೇಳುವಾಗ ಅವನು ಬರದೆ ಇರ್ತಾನಾ?”

“ಹೇಮಾಗಾ?”

“ಮತ್ತೆ ಯಾರಿಗೆ? ಹೇಮಾಗೂ ಆ ಕುರಿ ಡಾಕ್ಟ್ರಿಗೂ.” ಅಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಸೋಮವಾರ ಎಲೆ ಅಡಿಕೆ ಹಾಕಸ್ಕಂತಾರೆ. ಹುಡುಗಿ ನಾಚ್ಕಂಡು ನಾಚ್ಕಂಡು ಪ್ರಸಾದಾನೇ ಚೆಲ್ಲಿದ್ಲು, ಪೆದ್ದಿ.”

ಎದುರು ಗೋಡೆಯಲ್ಲಿ ಟಿವಿಯ ಮೇಲೆ ಅಮ್ಮ ಶಾಲು ಹೊದ್ದು ಕೂತಿದ್ದಳು. ಕಲ್ಪನಾ ಅದನ್ನೇ ನೋಡುತ್ತ ಇದ್ದಳು. ಮೊದಲು ಕೇಳಿಸಿಯೂ ಕೇಳಿಸದ ಮಾತೊಂದು ಆಗ ನಿಧಾನವಾಗಿ ತಿರುಗಿ ಬಂತು.

“ಹೋದ ಸಲದಂಗೇ ಅಂದ್ಯಲ್ಲ. ಹೋದ ಸಲ ಎಡಕ್ಕೆ ಬಿತ್ತು ಅಂದಿದ್ದೆ.”

ನಿರ್ಮಲಮ್ಮ ಸೆರಗು ಬಿಟ್ಟು ಮಗಳ ಕಡೆ ತಿರುಗಿದಳು. ತಪ್ಪು ಮಾಡಿದವಳ ಮುಖವಲ್ಲ ಅದು. ಎಲ್ಲೋ ಇಟ್ಟು ಮರೆತ ಸಾಮಾನು ಇನ್ನೊಬ್ಬರ ಕೈಗೆ ಸಿಕ್ಕಿತಲ್ಲ ಎನ್ನುವ ಬೇಸರ ಮಾತ್ರ ಕಾಣುತ್ತಿತ್ತು.

“ಅಂದಿದ್ದೆ. ಏನೀಗ?”

“ಬಲಕ್ಕೆ ಬಿದ್ದಿತ್ತಾ?”

“ಬಿದ್ದಿತ್ತು. ಬಿದ್ದಿತ್ತು ಅಂತ ಹೇಳಿದ್ರೆ ಮರುವಾರ ಎಲೆ ಅಡಿಕೆ, ತಿಂಗಳೊಳಗೆ ತಾಳಿ. ತಾಳಿ ಬಿದ್ದ ಮೇಲೆ ಆಸ್ಪತ್ರೆಯೋರು ಗಂಡನ ಸಹಿ ಕೇಳ್ತಾರಂತೆ. ಅವನು ಹಾಕ್ತಿದ್ನಾ? ಅವರಮ್ಮ ಹಾಕಾಕೆ ಬಿಡ್ತಿದ್ಲಾ? ಇಷ್ಟೊತ್ತಿಗೆ ನಿಮ್ಮಣ್ಣ ಮಣ್ಣಾಗಿ ಹೋಗ್ತಿದ್ದ.”

“ನನ್ನನ್ನ ಒಂದು ಮಾತು ಕೇಳಬಹುದಿತ್ತು. ಕಾಯ್ರಿ ಅಂತ ನಾನೇ ಅವರಿಗೆ ಹೇಳ್ತಿದ್ದೆ.”

“ಕೇಳಿ, ನೀನು ಇಲ್ಲ ಅಂದಿದ್ರೆ?”

ಇಪ್ಪತ್ತೆಂಟು ವರ್ಷ ಇಲ್ಲ ಎನ್ನದವಳನ್ನು ಅಮ್ಮ ಅಷ್ಟೇ ನಂಬಿದ್ದಳು.

“ಈಗ ಆಪರೇಷನ್ ಆತಲ್ಲ,” ಎಂದಳು ಕಲ್ಪನಾ. “ಈಗ ಯಾಕೆ ಹೇಮಾ?”

“ಬೆನಕಪ್ಪ ನಾಲ್ಕು ತಿಂಗಳು ಹೊಲ ಮನೆ ಬಿಟ್ಟು ಆಸ್ಪತ್ರೆ ಬಾಗಿಲಲ್ಲಿ ಚಾಪೆ ಹಾಸ್ಕಂಡು ಬಿದ್ದಿದ್ದ. ಅವನನ್ನ ಬರಿಗೈಲಿ ಕಳಸಾಕೆ ಆಗ್ತತಾ? ಹಾಲಮ್ಮನೇ ಫೋನ್ ಮಾಡಿ ನಿಮ್ಮ ಕಡೆ ಇನ್ನೊಂದು ಹುಡುಗಿ ಇದ್ರೆ ನೋಡ್ರಿ ಅಂದ್ಲು. ಹೊರಗಿನೋರಿಗೆ ಹೋಗಾದು ನನ್ನ ತಮ್ಮನ ಮನೆಗೆ ಹೋಗ್ಲಿ ಅಂದೆ, ಅದರಲ್ಲೇನು ತಪ್ಪು?” ಅಮ್ಮ ಮಂಚದ ಅಂಚಿಗೆ ಕೂತು ದನಿ ತಗ್ಗಿಸಿದಳು. ಬೇರೆಯವರ ಮನೆಯ ಸುದ್ದಿ ಹೇಳುವಾಗಿನದೇ ದನಿ. “ಅದೂ ಅಲ್ದೆ, ನೀನೇ ಯೋಚನೆ ಮಾಡು. ಗೇಣುದ್ದ ಗಾಯ. ಸೊಂಟದ ಮೇಲೆ ಕೈ ಇಟ್ಟ ಮೊದಲ್ನೇ ದಿನಾನೇ ಗಂಡನಿಗೆ ಗೊತ್ತಾಗ್ತತೆ. ಆಮೇಲೆ ನೀನೂ ಗ್ರೈಂಡರ್ ಹೊತ್ಕಂಡು ಬರ್ಬೇಕು. ನಿನ್ನನ್ನ ಇನ್ನು ಯಾರಿಗೂ ಕೊಡಾಕೆ ಆಗಲ್ಲ ಕಣೇ. ಅದು ನನಗೆ ಅವತ್ತೇ ಗೊತ್ತಿತ್ತು.”

“ಅವತ್ತೇ ಗೊತ್ತಿತ್ತಾ? ಹಂಗಾದ್ರೆ ನೀನು ಇಷ್ಟು ದಿನ ಈ ಮಂಚ ಹತ್ತಿ ಮಲಗಿದ್ದು ಯಾರ ಸಲುವಾಗಿ?”

ಅಮ್ಮ ಎದ್ದು ನಿಂತು ನಿರಿಗೆ ಕೊಡವಿಕೊಂಡಳು.

“ಟೀ ಮಾಡ್ತೀನಿ. ಕುಡೀತೀಯಾ?”

ಸಂಜೆ ಕಲ್ಪನಾ ಅಣ್ಣನಿಗೆ ಫೋನ್ ಮಾಡಿದಳು. ಮಹಡಿಯ ಫ್ಯಾನು ಫೋನಿನಲ್ಲೂ ಕೇಳುತ್ತಿತ್ತು, ತಲೆಯ ಮೇಲೂ ಕೇಳುತ್ತಿತ್ತು. ಹೂವಿನ ವಿಷಯ ನಿನಗೆ ಗೊತ್ತಿತ್ತಾ ಎಂದಳು. ಅವನು ಫ್ಯಾನು ಆರಿಸಿದ. ಆಮೇಲೆ, “ಅಮ್ಮ ಮಾಡಿದ್ದೆಲ್ಲ ನನ್ನ ಸಲುವಾಗಿ ಕಲ್ಪನಾ. ನಾನು ಯಾವ ಬಾಯಲ್ಲಿ ಏನಂತ ಹೇಳಲಿ?” ಎಂದ. ಮತ್ತೆ, “ನೀರು ಸರಿಯಾಗಿ ಕುಡೀತಿದೀಯಾ? ದಿನಕ್ಕೆ ಮೂರು ಲೀಟರ್ ಅಂದಾರೆ ಡಾಕ್ಟ್ರು, ನಿನಗೂ” ಎಂದ.

ಬುಧವಾರ, ಗುರುವಾರ ಅಮ್ಮ ಎಂದಿನಂತೆ ಸುದ್ದಿ ತಂದಳು. ಯಾವುದೋ ಮನೆಯ ಸೊಸೆ, ಯಾವುದೋ ಮನೆಯ ಅಳಿಯ. ಕಲ್ಪನಾ ನಗಲಿಲ್ಲ. ನಗದಿದ್ದರೂ ಅಮ್ಮ ನಿಲ್ಲಿಸಲಿಲ್ಲ. ಗೇಟು ಸದ್ದಾದಾಗ ಎರಡು ದಿನವೂ ಕಲ್ಪನಾ ಎದ್ದು ಜಾಗ ಬಿಟ್ಟಳು, ಟೀ ಇಟ್ಟಳು. ಸಿಂಕಿನ ಮುಂದೆ ನಿಂತು ಬೇರೆಯವರು ಕುಡಿದ ಲೋಟ ತೊಳೆಯುವಾಗ ಅವಳಿಗೆ ಸತೀಶ್ ಕುಮಾರನ ಮುಖ ನೆನಪಿಗೆ ಬರುತ್ತಿರಲಿಲ್ಲ. ಸೀಟಿನ ಮೇಲಿನ ಆ ನೀಲಿ ಗೆರೆಯ ಟವೆಲು ಮಾತ್ರ ಬರುತ್ತಿತ್ತು. ಇನ್ನು ಅದರ ಮೇಲೆ ಹೇಮಾ ಕೂರುತ್ತಾಳೆ.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ನಿರ್ಮಲಮ್ಮ ಕಿಟಕಿಯಿಂದ ಇಣುಕಿ ಗಾಬರಿಯಾದಳು.

“ಹಾಲಮ್ಮ ಕಣೇ! ಹೇಮಾನೂ ಬಂದಾಳೆ. ದಾವಣಗೆರೆಗೆ ಜವಳಿ ತರಾಕೆ ಹೊಂಟಿರ್ಬೇಕು. ಏಳು, ಏಳು.”

ಕಲ್ಪನಾ ಏಳಲಿಲ್ಲ.

“ಕಿವಿ ಕೇಳ್ಸಲಿಲ್ವೇನೇ? ಏಳು, ಗೇಟು ತೆಗೀತಿದಾರೆ.”

ಕಲ್ಪನಾ ಕಂಬಳಿಯನ್ನು ಎದೆಯ ಮೇಲಕ್ಕೆ ಎಳೆದುಕೊಂಡಳು. ಅಮ್ಮ ಅದರ ಇನ್ನೊಂದು ತುದಿ ಹಿಡಿದು ಜಗ್ಗಿದಳು. ಕಲ್ಪನಾ ಬಿಡಲಿಲ್ಲ. ಇಬ್ಬರೂ ಒಂದು ಮಾತೂ ಆಡದೆ ಕಂಬಳಿ ಜಗ್ಗಾಡಿದರು. ಪಕ್ಕೆ ಉರಿದು ಕಣ್ಣಲ್ಲಿ ನೀರು ಬಂದರೂ ಕಲ್ಪನಾ ಕೈ ಸಡಿಲಿಸಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದ ಮೇಲೆ ಅಮ್ಮ ಕೈ ಬಿಟ್ಟು, ಹತ್ತಿರದ ಪ್ಲಾಸ್ಟಿಕ್ ಕುರ್ಚಿಗೆ ಕುಸಿದು, ಬಲ ಪಕ್ಕೆಯನ್ನು ಹಿಡಿದುಕೊಂಡಳು.

“ಎದ್ದು ಕೂತೀರಾ ಅಕ್ಕಾರೆ!” ಎನ್ನುತ್ತ ಹಾಲಮ್ಮ ಒಳಗೆ ಬಂದಳು. ದಪ್ಪ ಮೈ, ಉಬ್ಬಸ, ಕೈತುಂಬ ಹಸಿರು ಬಳೆ. “ಜವಳಿಗೆ ಹೊಂಟಿದ್ವಿ. ಸುತ್ತಾದ್ರೂ ಆಗ್ಲಿ, ಮೊದಲು ಮಹಾತಾಯಿ ಕೈಲಿ ಹುಡುಗಿಗೆ ವಿಭೂತಿ ಹಚ್ಚಸ್ಬೇಕು ಅಂತ ಕರ್ಕಂಡು ಬಂದೆ. ಬೆನಕಪ್ನೋರು ಕಾರಲ್ಲೇ ಅವ್ರೆ.”

ಹೇಮಾವತಿ ಬಗ್ಗಿ ಸೋದರತ್ತೆ ನಿರ್ಮಲಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಇಪ್ಪತ್ತೆರಡರ ಹುಡುಗಿ, ನೋಡಿದವರು ಇನ್ನೊಮ್ಮೆ ನೋಡುವಂತಿದ್ದಳು. ನೇರ ಬಂದು ಮಂಚದ ಮೇಲೆ ಕೂತು, ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಬಿಚ್ಚಿ ಕಲ್ಪನಾಳ ಜಡೆಗೆ ಮುಡಿಸಿದಳು. ಕಿವಿಯ ಹತ್ತಿರ ಬಾಯಿ ತಂದು, “ಅಕ್ಕಾ, ನಿನಗೆ ಬೇಜಾರಿಲ್ವಲ್ಲ? ನಿನಗೆ ಹೂ ಆಗ್ಲಿಲ್ಲ ಅಂದ್ರು, ಅದಕ್ಕೇ ನಾನು ಒಪ್ಕಂಡೆ. ಇಲ್ದಿದ್ರೆ ಖಂಡಿತ ಒಪ್ತಿರ್ಲಿಲ್ಲ” ಎಂದಳು. ಅವಳ ಕೈ ಕಲ್ಪನಾಳ ಕೈ ಮೇಲೆ ಇತ್ತು. ಸುಳ್ಳು ಹೇಳಲು ಬರುವ ಹುಡುಗಿಯಲ್ಲ ಎಂದು ಕಲ್ಪನಾಳಿಗೆ ಗೊತ್ತು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ಇದೇ ಮಂಚದ ಮೇಲೆ ಅವಳ ಪಕ್ಕ ಮಲಗುತ್ತಿದ್ದವಳು.

ಹಾಲಮ್ಮ ಕುರ್ಚಿಯ ಮುಂದೆ ನಿಂತು ಕೈ ಮುಗಿದಿದ್ದಳು. “ಅಕ್ಕಾರೆ, ಒಂದು ಆಸೆ. ಇಲ್ಲ ಅನ್ನಬೇಡ್ರಿ. ಆ ಹೊಲಿಗೆ ಒಂದು ಸಲ ಮುಟ್ಟಿ ಕಣ್ಣಿಗೆ ಒತ್ಕಂತೀನಿ. ಮಗನಿಗೆ ಎರಡನೇ ಸಲ ಜೀವ ಕೊಟ್ಟ ಜಾಗ ಅದು.”

“ಬ್ಯಾಡ್ರೀ, ಡಾಕ್ಟ್ರು ಮುಟ್ಟಬಾರ್ದು ಅಂದಾರೆ” ಎಂದು ಅಮ್ಮ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು. ಹಾಗೆನ್ನುತ್ತಲೇ ಕಲ್ಪನಾಳ ಕಡೆ ನೋಡಿ ಕಣ್ಣಿನಲ್ಲೇ ಏನಾದರೂ ಹೇಳೇ ಎಂದಳು.

ಏನಾದರೂ ಹೇಳಬಹುದಿತ್ತು. ಹೌದು, ಸೋಂಕಾಗುತ್ತೆ ಎಂದರೆ ಎಲ್ಲರೂ ನಂಬುತ್ತಿದ್ದರು. ತನ್ನ ಗಾಯ ತೋರಿಸಿದರೆ ಅಮ್ಮನೊಬ್ಬಳ ಶಾಲು ಜಾರುತ್ತಿತ್ತು. ಹೂವಿನ ಮಾತು ಎತ್ತಿದರೆ ಈ ಹುಡುಗಿಯ ಬದುಕೂ ಜೊತೆಗೆ ಹೋಗುತ್ತಿತ್ತು. ಮೂರೂ ಕಲ್ಪನಾಳಿಗೆ ಸ್ಪಷ್ಟವಾಗಿ ಕಂಡವು. ಹೇಮಾಳ ಕೈಯ ಹೊಸ ಬಳೆಗಳು ಅವಳ ಮಣಿಕಟ್ಟಿಗೆ ತಣ್ಣಗೆ ತಾಗುತ್ತಿದ್ದವು. ನಾಲಗೆಯ ತುದಿಗೆ ಬಂದ ಮಾತಿನ ರುಚಿ ಅವಳಿಗೆ ಹೊಸದು. ಅಮ್ಮ ದಿನಾ ಬೀದಿಯಿಂದ ಓಡೋಡಿ ಬರುತ್ತಿದ್ದುದು ಇದಕ್ಕಾಗಿ ಎಂದು ಮೊದಲ ಬಾರಿ ಅರ್ಥವಾಯಿತು.

“ಒಂದು ಸುದ್ದಿ ಗೊತ್ತಾತೇನ್ರೀ?” ಎಂದಳು.

ನಿರ್ಮಲಮ್ಮ ಕುರ್ಚಿಯಿಂದ ಅರ್ಧ ಎದ್ದಳು. ಪಕ್ಕೆ ಹಿಡಿದ ಕೈ ತಾನಾಗಿ ಬಿಟ್ಟುಹೋಗಿತ್ತು. “ಕಲ್ಪಿ!”

“ಹೊಲಿಗೆ ಇಲ್ಲಿದಾವ್ರೀ.” ಕಲ್ಪನಾ ಕಂಬಳಿ ಸರಿಸಿ, ನೈಟಿಯ ಪಕ್ಕದ ಗುಂಡಿ ಬಿಚ್ಚಿ ತೋರಿಸಿದಳು. ಎಡ ಪಕ್ಕೆಯಲ್ಲಿ ಗೇಣುದ್ದ ಕೆಂಪು ಗೆರೆ, ಎರಡೂ ಬದಿಗೆ ಸಾಲು ಚುಕ್ಕಿ. “ಮುಟ್ಟಬಹುದು, ಡಾಕ್ಟ್ರು ಬೇಡ ಅಂದಿಲ್ಲ. ಅಮ್ಮನ್ನ ನೋಡ್ರಿ, ಯಾವ ಕಡೆ ಹಿಡ್ಕಬೇಕು ಅನ್ನೋದೇ ಅವರಿಗೆ ಇನ್ನೂ ಬಂದಿಲ್ಲ. ಹೂವೂ ಹಂಗೇ ಆತ್ರೀ. ನನ್ನ ಹೆಸರಿಗೆ, ನಿಮ್ಮ ಮಗನ ಹೆಸರಿಗೆ ಗುಡಿ ಅಮ್ಮ ಬಲಕ್ಕೇ ಕೊಟ್ಟಿದ್ಲು. ಇವರು ಎಡಕ್ಕೆ ಬಿತ್ತು ಅಂತ ಬಂದು ಹೇಳಿದ್ರು. ನನ್ನ ಕಿಡ್ನಿ ತೆಗೆಯೋ ತನಕ ಮದುವೆ ಆಗಬಾರ್ದಿತ್ತಲ್ಲ.”

ಹಾಲಮ್ಮ ಗಾಯ ನೋಡಿದಳು, ಕುರ್ಚಿ ನೋಡಿದಳು. ಯಾರನ್ನೂ ಏನೂ ಕೇಳದೆ ಬ್ಯಾಗಿನಿಂದ ಫೋನು ತೆಗೆದು ಚಿಕ್ಕಹನುಮಂತಪ್ಪನಿಗೆ ಹಚ್ಚಿದಳು. ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ. ಮೊದಲ ಸಲದ ಹೂ ಯಾವ ಕಡೆ ಬಿದ್ದಿತ್ತು ಸ್ವಾಮಿ ಎಂದು ಕೇಳಿದಳು. “ಎರಡು ಸಲಾನೂ ಬಲಕ್ಕೇ ಅಲ್ವೇನಮ್ಮ? ಮೊದಲ್ನೇ ಹುಡುಗಿ ಯಾಕೆ ಬೇಡ ಅಂದ್ರಿ ಅಂತ ನಾನೇ ಕೇಳೋಣ ಅಂದ್ಕಂಡಿದ್ದೆ” ಎಂದಿತು ಹೊಸ ಹಲ್ಲಿನ ದನಿ.

ಹಾಲಮ್ಮನ ಉಬ್ಬಸ ಜೋರಾಯಿತು. “ಒಂದೇ ಗಂಡಿಗೆ ಎರಡು ಹೂ,” ಎಂದಳು, ಯಾರಿಗೂ ಅಲ್ಲದ ಹಾಗೆ. “ಒಂದು ಮುಚ್ಚಿಟ್ಟಿದ್ದು. ಇನ್ನೊಂದು ಅದರ ಮೇಲೆ ಕೇಳಿದ್ದು. ಅಮ್ಮಾ, ನನ್ನ ಮಗನ್ನ ಕಾಪಾಡವ್ವ.” ಆಮೇಲೆ ಕಲ್ಪನಾಳ ಗಾಯದ ಕಡೆ ಇನ್ನೊಮ್ಮೆ ನೋಡಿದಳು. ಕೈ ಮುಂದೆ ಬರಲಿಲ್ಲ. “ನಿನ್ನದು ತಪ್ಪಿಲ್ಲ ತಾಯಿ. ಆದ್ರೆ ಅರೆಜೀವದ ಹುಡುಗೀನ ನಾನು ಹೆಂಗೆ ಮನೆ ತುಂಬಿಸ್ಕಳ್ಳಲಿ? ಇವಳೂ ಬೇಡ, ನೀನೂ ಬೇಡ. ನಿಮ್ಮ ಮನೇದು ಯಾವುದೂ ಬೇಡ.” ವಿಭೂತಿಗೆಂದು ತಂದ ಬೆಳ್ಳಿ ಭರಣಿಯನ್ನು ಬ್ಯಾಗಿಗೆ ತುರುಕಿಕೊಂಡಳು. “ಸೋಮವಾರದ್ದು ನಿಂತಂಗೇ ಅಂತ ನಿನ್ನ ತಮ್ಮನಿಗೆ ನೀನೇ ಹೇಳು” ಎಂದು ನಿರ್ಮಲಮ್ಮನಿಗೆ ಅಂದು ಹೊರಟಳು. ಅಕ್ಕಾರೆ ಎನ್ನಲಿಲ್ಲ. ಹೊರಗೆ ಕಾರಿನ ಹತ್ತಿರ ಅವಳ ದನಿಯೂ ಬೆನಕಪ್ಪನ ದನಿಯೂ ಏರಿದವು. ಎದುರು ಮನೆಯ ಕಿಟಕಿ ತೆರೆದುಕೊಂಡಿತು.

ನಿರ್ಮಲಮ್ಮ ಟಿವಿಯ ಮುಂದೆ ನಿಂತಿದ್ದಳು. “ಏನು ಸಿಕ್ತೇ ನಿನಗೆ?” ಎಂದಳು. “ಅವನೂ ಸಿಗಲಿಲ್ಲ, ಮಾನಾನೂ ಉಳೀಲಿಲ್ಲ. ನಾಳೆ ಈ ಊರಲ್ಲಿ ನಿನ್ನನ್ನ ಯಾರು ಮೂಸಿ ನೋಡ್ತಾರೆ?” ಕಲ್ಪನಾ ನೈಟಿಯ ಗುಂಡಿ ಒಂದೊಂದಾಗಿ ಹಾಕಿಕೊಂಡಳು.

ಹೇಮಾವತಿ ಇನ್ನೂ ಮಂಚದ ಮೇಲೆಯೇ ಕೂತಿದ್ದಳು. ಮಲ್ಲಿಗೆಯ ಖಾಲಿ ಎಲೆ ಅವಳ ಮಡಿಲಲ್ಲಿತ್ತು. ಅಳುತ್ತಿರಲಿಲ್ಲ. ಇನ್ನೂ ಲೆಕ್ಕ ಹತ್ತದವಳಂತೆ ಕಲ್ಪನಾಳ ಮುಖವನ್ನೇ ನೋಡುತ್ತಿದ್ದಳು.

“ಅಕ್ಕಾ,” ಎಂದಳು, “ನಾನೇನು ಮಾಡಿದ್ದೆ?”

ಕಲ್ಪನಾ ಅವಳ ಬಳೆಗಳ ಕೆಳಗಿನಿಂದ ತನ್ನ ಕೈಯನ್ನು ಬಿಡಿಸಿಕೊಂಡು ದಿಂಬಿಗೆ ಒರಗಿದಳು.

“ಅಮ್ಮ ಟೀ ಮಾಡ್ತಾಳೆ,” ಎಂದಳು. “ಕುಡ್ದು ಹೋಗು.”